ಅರ್ಧ ಮಾತ್ರೆ

ಕೇಕಿನ ಮೇಲೆ ಬರೆಯುವುದು ನನ್ನ ಕೆಲಸ,
ಫಹಾಹೀಲಿನ ಬೇಕರಿಯೊಂದರ ಹಿಂದಿನ ಕೋಣೆಯಲ್ಲಿ.
ಅರಬ್ಬಿ ಓದಲು ಬಾರದು, ಬರೆಯಲು ಬರುತ್ತದೆ:
ಚೀಟಿ ನೋಡಿ, ಬಲದಿಂದ ಎಡಕ್ಕೆ,
ಒಂದು ಬಾಗು, ಒಂದು ಹೊಟ್ಟೆ, ಮೇಲೆರಡು ಚುಕ್ಕಿ.
ಹನ್ನೊಂದು ವರ್ಷ ಕೈ ನಡುಗಿದ್ದಿಲ್ಲ.

ನಾಲ್ಕನೆಯ ದಿನ ಒಂದು ಚುಕ್ಕಿ
ಬಾಲ ಬಿಟ್ಟುಕೊಂಡು ಗೊದಮೊಟ್ಟೆಯ ಹಾಗೆ
ಕ್ರೀಮಿನಲ್ಲಿ ಈಜಿಹೋಯಿತು.
ಓವನ್ನಿನ ಬಾಗಿಲು ಹಿಡಿದು ರೋಮೆಲ್ ನೋಡಿದ.
ಚಾ ಜಾಸ್ತಿಯಾಯ್ತು ಎಂದೆ.
ಚಾ ಕುಡಿದೇ ಇರಲಿಲ್ಲ.

ಆದದ್ದು ಇಷ್ಟು:
ಊರಿಂದ ತಂದ ಮಾತ್ರೆ ಮುಗಿದವು.
ಸಿವಿಲ್ ಐಡಿ ನವೀಕರಣಕ್ಕೆ ಹೋಗಿ ಕೂತಿತ್ತು,
ಕಾರ್ಡಿಲ್ಲದವನಿಗೆ ಆಸ್ಪತ್ರೆಯ ಕಿಟಕಿ ತಲೆ ಎತ್ತುವುದಿಲ್ಲ.

ಇದು ಪೂರ್ತಿ ನಿಜವಲ್ಲ.
ಮಗಳು ಹುಟ್ಟಿದ ಬೆಳಿಗ್ಗೆ
ಫೋನಿನಲ್ಲಿ ಅವಳ ಮುಖ ಹಿಡಿದು ತೋರಿಸಿದಾಗ
ನನ್ನ ನಾಡಿ ಐವತ್ತೆಂಟು.
ಅಲ್ಲಿ ಎಲ್ಲರೂ ಅಳುತ್ತಿದ್ದರು. ನಾನು
ಬಾಗಿಲು ಹಾಕುವ ಹೊತ್ತಿನ ಅಂಚೆ ಗುಮಾಸ್ತನ ಹಾಗೆ
ಸೀಲು ಒತ್ತಿ, ಚೆನ್ನಾಗಿದೆ ಅಂದೆ.
ಅವತ್ತಿನಿಂದ ಆ ಬಿಳಿ ಗುಳಿಗೆಯ ಮೇಲೆ ಒಂದು ಸಿಟ್ಟು.
ಮುಗಿದಾಗ, ಮುಗಿಯಲಿ ಅಂದುಕೊಂಡೆ.

ಮೊದಲೆರಡು ದಿನ ಹಬ್ಬ.
ಮೆಟ್ಟಿಲು ಹತ್ತಿದರೆ ಹತ್ತಿದ್ದು ಎದೆಗೂ ತಿಳಿಯುತ್ತಿತ್ತು.
ಮೂರನೆಯ ರಾತ್ರಿ,
ಎಸಿ ಹದಿನೆಂಟಕ್ಕಿಟ್ಟ ಆರು ಮಂಚದ ಕೋಣೆಯಲ್ಲಿ
ನನ್ನ ಬನಿಯನ್ನು ಮಾತ್ರ ಹಿಂಡುವಷ್ಟು ಒದ್ದೆ.
ದಿಂಬಿಗೆ ಕಿವಿಯಿಟ್ಟರೆ ಒಳಗೆ ಯಾರೋ
ಅವಲಕ್ಕಿ ಕುಟ್ಟುತ್ತಿದ್ದಾರೆ, ನಿಲ್ಲಿಸದೆ, ಯಾರ ಮದುವೆಗೋ.

ಶಾನಭಾಗ ಮಾಸ್ತರು ಎಂಟನೆಯ ಇಯತ್ತೆಯಲ್ಲಿ
ಪ್ರಸ್ತಾರ ಹಾಕಿಸುತ್ತಿದ್ದರು:
ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು.
ಕತ್ತಲಲ್ಲಿ ಮಣಿಕಟ್ಟು ಹಿಡಿದು ಹಾಕಿದೆ
ಲಘು ಲಘು ಲಘು ಲಘು ಲಘು ಲಘು
ಕೂತು ಉಸಿರೆಳೆಯಲು ಒಂದು ಗುರುವೂ ಇಲ್ಲ.
ನೂರ ಇಪ್ಪತ್ತೆಂಟು.
ಮತ್ತೆ ಎಣಿಸಿದರೆ ನೂರ ಮೂವತ್ತೊಂದು,
ಎಣಿಸುವುದಕ್ಕೂ ಹೆದರುತ್ತಿತ್ತದು.

ಮೇಲಿನ ಮಂಚದಿಂದ ಶಫೀಕುಲನ ಕಾಲು ಇಳಿದವು.
ಏನೆಂದು ಕೇಳಲಿಲ್ಲ. ನೀರು ಕೊಟ್ಟ.
ಬೆನ್ನಿಗೆ ಕೈಯಿಟ್ಟು ತನ್ನ ದೇಶದ ನದಿಗಳ ಹೆಸರು ಹೇಳತೊಡಗಿದ,
ಒಂದಾದ ಮೇಲೊಂದು, ಮಗುವಿಗೆ ಹೇಳಿದ ಹಾಗೆ.
ಎಷ್ಟೊಂದು ನದಿ ಮಾರಾಯ.
ಕಿಟಕಿಯಲ್ಲಿ ರಿಫೈನರಿಯ ಬೆಂಕಿ ಒಂದೇ ಸಮ ಎದ್ದೇ ಇತ್ತು.
ಏಳನೆಯ ನದಿ ದಾಟುವಾಗ ನೂರ ಹತ್ತು.

ಬೆಳಿಗ್ಗೆ ಔಷಧದಂಗಡಿಯ ನರ್ಮೀನ್, ಕೈರೋದವಳು,
ಕೇಳಿದ್ದೇ ತಲೆ ಚಚ್ಚಿಕೊಂಡಳು:
ಎರಡು ವರ್ಷ ಬಾಗಿಲು ಒತ್ತಿ ಹಿಡಿದವನು
ಒಮ್ಮೆಗೇ ಕೈಬಿಟ್ಟರೆ
ಒಳಗಿದ್ದವರು ಮೈಮೇಲೆ ಬೀಳುವುದಿಲ್ಲವೇನೋ?
ಗುಳಿಗೆ ಕೊಡಲಿಲ್ಲ. ಟ್ಯಾಕ್ಸಿ ಹತ್ತಿಸಿದಳು,
ಖಾಸಗಿ ಕ್ಲಿನಿಕ್ಕಿಗೆ, ನಾನು ಬೇಡವೆಂದರೂ.
ಎದೆಗೆ ತಣ್ಣಗೆ ಹತ್ತು ತಂತಿ ಅಂಟಿಸಿದರು.
ಬಿಡುವುದಾದರೆ ಬಿಡೋಣ, ಎಂದರು ಡಾಕ್ಟರು,
ಆದರೆ ಇಳಿಸುತ್ತ. ಬಾವಿಗಿಳಿಯುವವನ ಹಾಗೆ. ಹಾರಬೇಡ.

ಮೊದಲು ಮತ್ತೆ ಪೂರ್ತಿ, ಒಂದು ತಿಂಗಳು.
ಆಮೇಲೆ ಅರ್ಧ.
ಕೇಕಿನ ಚೂರಿಯಲ್ಲಿ ಕತ್ತರಿಸುತ್ತೇನೆ, ನಡುಗೆರೆಯ ಮೇಲೆ.
ಒಮ್ಮೊಮ್ಮೆ ಸಮ ಬರುವುದಿಲ್ಲ,
ದೊಡ್ಡ ತುಂಡನ್ನು ಕಷ್ಟದ ದಿನಕ್ಕೆ ಎತ್ತಿಡುವ ಆಸೆಯಾಗುತ್ತದೆ.
ಕೂಡದು, ದಿನದ್ದು ದಿನಕ್ಕೆ, ಅಂದಿದ್ದಾಳೆ ನರ್ಮೀನ್.
ಅಂಗೈಲಿ ಉಳಿದ ಪುಡಿಯನ್ನು ನೆಕ್ಕುತ್ತೇನೆ, ಕಹಿ,
ಇಡೀ ಬೇಕರಿಯಲ್ಲಿ ಅದೊಂದೇ ಕಹಿ.

ನಿನ್ನೆ ರಾತ್ರಿ ಮಗಳು
ಸ್ಲೇಟನ್ನು ಫೋನಿಗೆ ತಾಗಿಸಿ ಹಿಡಿದಳು.
ಏನೂ ಕಾಣಲಿಲ್ಲ, ಬರೀ ಕಪ್ಪು.
ದೂರ ಹಿಡಿ, ದೂರ ಹಿಡಿ ಅಂದೆ.
ಹಿಡಿದಳು. ಒಂದು ಅ, ಹೊಟ್ಟೆ ಒಡೆದದ್ದು.

ಎಡಗೈ ತಾನಾಗಿ ಮಣಿಕಟ್ಟಿಗೆ ಹೋಯಿತು:
ತೊಂಬತ್ತೆರಡು.
ಗುಳಿಗೆ ಇಳಿಸಿದ್ದಕ್ಕೋ ಅವಳಿಗೋ,
ಡಾಕ್ಟರಿಗೂ ಹೇಳಲಾಗಲಿಕ್ಕಿಲ್ಲ.
ನಾನು ಕೇಳುವುದಿಲ್ಲ.
ಶುಕ್ರವಾರದಿಂದ ಕಾಲು.