ಕಾಗುಣಿತ

ಬಲಾರಟ್‌ನ ಜುಲೈ. ಕಿಟಕಿಯ ಒಳಗೂ ಹೊರಗೂ ಒಂದೇ ಚಳಿ.
ಊಟದ ಮೇಜಿನ ಮೇಲೆ ಹಳೇ ಟವಲು,
ಅದರ ಮೇಲೆ ನಾನೇ ಕೂಡಿಸಿದ ಯಂತ್ರ:
ಗೀಲಾಂಗ್‌ನಿಂದ ಅಂಚೆಯಲ್ಲಿ ಬಂದ ಮದರ್‌ಬೋರ್ಡು,
ಯಾರದೋ ಗ್ಯಾರೇಜಿನಲ್ಲಿ ಚೌಕಾಸಿ ಮಾಡಿ ತಂದ ಕ್ಯಾಬಿನೆಟ್ಟು,
ಮಗ್ಗುಲಲ್ಲಿ ಇನ್ನೂ ಯಾವುದೋ ಹುಡುಗನ ಫುಟ್‌ಬಾಲ್ ಸ್ಟಿಕ್ಕರು.
ಒಂದು ಸ್ಕ್ರೂ ಉಳಿದಿದೆ. ಎಲ್ಲಿಯದೋ ಗೊತ್ತಿಲ್ಲ.

ನಾನು ದುಭಾಷಿ.
ಕೋರ್ಟಿನಲ್ಲಿ, ಆಸ್ಪತ್ರೆಯಲ್ಲಿ, ಪೊಲೀಸರ ಸಣ್ಣ ಕೋಣೆಯಲ್ಲಿ
ಬೇರೆಯವರ ‘ನಾನು’ ನನ್ನ ಬಾಯಿಂದ ಹಾದುಹೋಗುತ್ತದೆ.
‘ನನ್ನನ್ನು ಬಚ್ಚಲಲ್ಲಿ ಕೂಡಿಹಾಕಿದ’ ಎಂದವಳು ನಾನು,
ಬಚ್ಚಲಲ್ಲಿ ಇದ್ದವಳು ಬೇರೆ.
ಸಂಜೆ ಬಂದು ಅದನ್ನೆಲ್ಲ ಟೈಪು ಮಾಡುತ್ತೇನೆ.
ಹೋದ ತಿಂಗಳು ಹಿಂದಿನ ಬೀದಿಗೆ ಕಳ್ಳರು ನುಗ್ಗಿ
ಟಿವಿ ಬಿಟ್ಟು ಕಂಪ್ಯೂಟರು ಹೊತ್ತರು.
ಅದಕ್ಕೇ ಇದು.

ಮೊದಲು ಡಿಸ್ಕಿನ ತುಂಬ ಕಸ ಬರೆಯಬೇಕು,
ತಲೆಬುಡವಿಲ್ಲದ ಸೊನ್ನೆ ಒಂದುಗಳು, ರಾತ್ರಿಯಿಡೀ.
ಮಾತಿರುವ ಜಾಗ ಯಾವುದು, ಬರಿದು ಯಾವುದು
ನೋಡಿದವರಿಗೆ ತಿಳಿಯಬಾರದು.
ತುಂಬಿದ ಕೊಡ ತುಳುಕುವುದಿಲ್ಲ ಅನ್ನುತ್ತಾರೆ.
ಇಲ್ಲಿ ಖಾಲಿ ಕೊಡಕ್ಕೂ ಅದೇ ಶಿಸ್ತು.

ಆಮೇಲೆ ಗುಟ್ಟಿನ ಪದ. ನಾನೇ ಆರಿಸಿದರೆ
ನನ್ನನ್ನು ಬಲ್ಲವರು ಊಹಿಸಿಬಿಡುತ್ತಾರೆ.
ಡಬ್ಬಿಯಲ್ಲಿ ಚೌಕಾಬಾರದ ಕವಡೆ ಇದ್ದವು,
ಆದರೆ ಕವಡೆ ಪಕ್ಷಪಾತಿ, ಬೆನ್ನು ಹೊಟ್ಟೆ ಸಮವಲ್ಲ.
ದಾನದಂಗಡಿಯಲ್ಲಿ ಐವತ್ತು ಸೆಂಟಿಗೆ ದಾಳ ತಂದೆ,
ಎಸೆದೆ, ನಿಘಂಟಿನ ಪುಟ ಎಣಿಸಿದೆ.
ಆರು ಪದ ಸಿಕ್ಕವು, ಒಂದಕ್ಕೊಂದು ಪರಿಚಯವಿಲ್ಲದವು,
ರೈಲು ನಿಲ್ದಾಣದ ಬೆಂಚಿನ ಮೇಲೆ ಕೂತಂತೆ.
ಅವು ಈ ಪದ್ಯದಲ್ಲಿ ಇಲ್ಲ. ಹುಡುಕಬೇಡಿ.

ಅವಕ್ಕೆ ಯಂತ್ರ ಚಿಟಿಕೆ ಉಪ್ಪು ಹಾಕಿ ಕುಟ್ಟುತ್ತದಂತೆ,
ಸಾವಿರ ಸಾವಿರ ಸಲ,
ಇಟ್ಟದ್ದು ಹುಣಸೆಯೋ ಮೆಣಸೋ
ಒರಳಿಗೇ ಮರೆತುಹೋಗುವ ತನಕ.

ಪಕ್ಕದ ಮನೆಯ ಮರ್ವ್ ಟ್ರಾಂಟರ್ ಬೇಲಿಯಾಚೆಯಿಂದ ವಿಚಾರಿಸಿದ.
ನಲವತ್ತು ವರ್ಷ ಬೀಗದ ಕೆಲಸ ಮಾಡಿದವನು,
ಅವನ ಲೆಕ್ಕದಲ್ಲಿ ಬೀಗ ಅಂದರೆ ಬರೀ ಮರ್ಯಾದೆ.
‘ಮರೆತರೆ ನನ್ನನ್ನು ಕರಿ,’ ಅಂದ.
ನೀನು ಬಂದರೂ ಆಗುವುದಿಲ್ಲ ಅಂದೆ. ಮಾಡಿದವರು ಬಂದರೂ.
ಗುಲಾಬಿ ಕತ್ತರಿಸುತ್ತಿದ್ದ ಕೈ ನಿಂತಿತು.
‘ಹಾಗಾದರೆ ಅದು ಬೀಗವಲ್ಲ,’ ಅಂದ, ‘ಬಾವಿ.’

ಮೊದಲ ಸಲ ಚಾಲೂ ಮಾಡಿದೆ.
ಕಪ್ಪು ಪರದೆ, ಒಂದೇ ಸಾಲು, ಕಾಯುವ ಗೆರೆ.
ಇನ್ನೂ ಪೂರ್ತಿ ಎಚ್ಚರವಾಗದ ಯಂತ್ರಕ್ಕೆ ಕನ್ನಡ ಬಾರದು,
ಇಂಗ್ಲಿಷಿನ ಕೀಲಿಗಳಲ್ಲೇ ಕುಟ್ಟಬೇಕು.
ಳ ಅಲ್ಲಿ ಲ ಆಗುತ್ತದೆ, ಣ ತನ್ನ ಸೊಂಟ ಮುರಿದುಕೊಳ್ಳುತ್ತದೆ.
ತಪ್ಪು, ಅಂದಿತು.
ದೀರ್ಘಕ್ಕೆ ಎರಡು ಇ ಹಾಕಿದ್ದೆನೋ, ಒಂದು ಐಯೋ?
ಮತ್ತೆ ತಪ್ಪು.
ಬೆರಳು ತಣ್ಣಗಾಗಿ, ಹದಿನೇಳು ಹೆಂಗಸರು
ಬಾವಿಯ ತಳದಿಂದ ನನ್ನನ್ನೇ ನೋಡಿದಂತಾಗಿ,
ಮಹಾಪ್ರಾಣಕ್ಕೆ ನಾನು ಯಾವತ್ತೂ
ಎಚ್ ಹಾಕುವವಳಲ್ಲ ಎಂಬುದು ನೆನಪಾಗಿ

ತೆರೆಯಿತು. ಫ್ಯಾನು ಉಸಿರುಬಿಟ್ಟಿತು, ನಾನೂ.

ಆ ಆರು ಪದ ಚೀಟಿಯಲ್ಲಿ ಕನ್ನಡದಲ್ಲೇ ಬರೆದು
ಮರ್ವ್‌ನ ಹಳೆಯ ತಿಜೋರಿಯಲ್ಲಿ ಇಡಿಸಿದೆ.
ಅವನು ಬಿಡಿಸಿ ನೋಡಿದ, ನನ್ನೆದುರೇ, ತಿರುಗಿಸಿ ತಿರುಗಿಸಿ.
‘ಕೊಕ್ಕೆ, ಬಳೆ, ಕೊಕ್ಕೆ,’ ಅಂದ. ‘ಚೆನ್ನಾಗಿವೆ.’
ಅವನಿಗೆ ಅಕ್ಷರ ಬಾರದು.
ಅಕ್ಷರ ಬಲ್ಲವರು ಎಲ್ಲಿಂದಾದರೂ ಬಂದಾರು.
ಬರಲಿ. ಅವರಿಗೆ ನನ್ನ ತಪ್ಪು ಕಾಗುಣಿತ ಬಾರದು.

ಸ್ಕ್ರೂ ಇನ್ನೂ ಮೇಜಿನ ಮೇಲಿದೆ.