ಒಪ್ಪಿಸು

ಘೋಂಗಡೆ ಸರ್ ಹಾಳೆ ಕೊಟ್ಟರು. ಮೂರು ಕಾಲಂ.
ಇಂಗ್ಲಿಷು ತುಂಬಿತ್ತು, ಮರಾಠಿ ತುಂಬಿತ್ತು,
ಮೂರನೆಯದರಲ್ಲಿ ಬರೀ ಗೆರೆ.
"ಕನ್ನಡದ್ದು ನೀವೇ ತುಂಬ್ರಿ ಅಕ್ಕೋರ, ಸೋಮವಾರದೊಳಗ."

ಇನ್ನು ಮೇಲೆ ಮೂರು ದಿನ ಮಕ್ಕಳು ಬೆಂಚಿನಲ್ಲಿ,
ಮೂರು ದಿನ ಪಾಠ ಫೋನಿನಲ್ಲಿ.
ಗುಂಡಿಗಳಿಗೆ ಹೆಸರು ಬೇಕು.

ಸಂಖದ ಸ್ಟ್ಯಾಂಡಿನಲ್ಲಿ ಜತ್ತದ ಗಾಡಿ ಕಾಯುತ್ತ
ಡಬ್ಬಿಯ ಚೀಲದ ಮೇಲೆ ಹಾಳೆ ಇಟ್ಟೆ.
'ನೋಂದಾಯಿಸು' ಬರೆದೆ, ಹೊಡೆದುಹಾಕಿದೆ.
ನಮ್ಮ ಕಡೆ ಸಾಲಿಗೆ ಹೆಸರು ಹಚ್ಚುತ್ತಾರೆ;
ನನಗೆ ಹಚ್ಚಿದ ದಿನ
ಬಲಗೈ ನೆತ್ತಿ ದಾಟಿ ಎಡಗಿವಿ ಮುಟ್ಟಿರಲಿಲ್ಲ,
ಅವ್ವ ಮೊಣಕೈಗೆ ಸಣ್ಣಗೆ ದೂಡಿದ್ದಳು.
'ಹೆಸರು ಹಚ್ಚು.'

ಕೊಡದ ಕೆಲಸದ ಎದುರು ಕೆಂಪಕ್ಷರ.
'ಬಾಕಿ' ಅನ್ನಲು ಕೈ ಬರಲಿಲ್ಲ, ಅದು ಕಿರಾಣಿ ವಹಿಯ ಮಾತು,
ಮಕ್ಕಳು ಮನೆಯಲ್ಲೇ ಕೇಳಿ ಬಂದಿರುತ್ತಾರೆ.
'ಇನ್ನೂ ಬಂದಿಲ್ಲ' ಎಂದೆ,
ಬರುತ್ತದೆ ಎನ್ನುವ ಹಾಗೆ.

ಕಡೆಯ ಗುಂಡಿಗೆ ಮರಾಠಿಯಲ್ಲಿ 'ಬಾಹೇರ್ ಪಡಾ'.
ಹೊರಬೀಳು? ಯಾವ ಮಗುವಿಗೆ ಹಾಗೆನ್ನಲಿ?
'ಹೋಗಿ ಬರ್ತೀನ್ರೀ' ಬರೆದೆ. ಗುಂಡಿ ಸಣ್ಣದಂತೆ,
ಘೋಂಗಡೆ ಸರ್ ಕತ್ತರಿಸಿ 'ಬರ್ತೀನಿ' ಉಳಿಸಿದರು.

ಒಂದೇ ಖಾಲಿ ಇತ್ತು. ಗಾಡಿಯೂ ಬಂತು.
'ಸಲ್ಲಿಸು' ಅಂದರೆ ತಹಸೀಲ್ದಾರರ ಕಿಟಕಿ,
ಅರ್ಜಿ, ಟಿಕೀಟು, ನಾಳೆ ಬಾ.
ಕಿಟಕಿಗೆ ತಲೆ ಕೊಟ್ಟು ಕೂತಾಗ ನೆನಪಾಯಿತು:
ಕೈ ಕಟ್ಟಿ, ಕಣ್ಣು ಮುಚ್ಚಿ, ಮಗ್ಗಿ ಒಪ್ಪಿಸುತ್ತಿದ್ದದ್ದು.
ಹದಿನೇಳೆಂಟ್ಲೆಗೆ ದಿನಾ ನಿಲ್ಲುತ್ತಿದ್ದೆ.
ಗುರುಬಾಯಿ ಅಕ್ಕೋರು ಬೈಯುತ್ತಿರಲಿಲ್ಲ,
'ನೂ...' ಅನ್ನುತ್ತಿದ್ದರು, ಅಷ್ಟೇ.
ಬಸ್ಸಿನ ಕುಲುಕಿಗೆ ಸೊಟ್ಟಗಾಗಿ ಬರೆದೆ: 'ಒಪ್ಪಿಸು'.

ದೀಪಾವಳಿ ಸೂಟಿಯ ನಂತರ
ಅಮೋಘಸಿದ್ಧ ಒಪ್ಪಿಸಿದ. ರಾತ್ರಿ ಹನ್ನೊಂದೂ ನಲವತ್ತಕ್ಕೆ,
ಬೋರ ನದಿಯಾಚೆಯ ಮಾಳದಿಂದ, ಸೋದರಮಾವನ ಫೋನಿನಲ್ಲಿ.
ಬರೆಯಲು ಕೇಳಿದ್ದೆ. ಹುಡುಗ ದನಿ ಕಳಿಸಿದ್ದ.
ಹಿಂದೆ ಕುರಿಗಳ ಕೆಮ್ಮು, ಯಾರೋ ಕಂಬಳಿ ಕೊಡವಿದ ಸದ್ದು.
ಹದಿನೇಳೊಂದ್ಲೆ, ಹದಿನೇಳೆರಡ್ಲೆ,
ಇಳಿಜಾರಿನಲ್ಲಿ ಮರಿ ಓಡಿದ ಹಾಗೆ.
ಹದಿನೇಳೆಂಟ್ಲೆ

ಹನ್ನೊಂದು ಸೆಕೆಂಡು.
ಆಮೇಲೆ, ಪಕ್ಕದಲ್ಲೇ ಕೂತವಳಿಗೆ ಕೇಳಿದಂತೆ:
"ಮುಂದ್ರೀ, ಅಕ್ಕೋರ?"

ಯಂತ್ರ ಹಸಿರು ಗುರುತು ಹಾಕಿತ್ತು, ಬಂದು ಮುಟ್ಟಿದೆ ಎಂದು.
ನಾನು ಆಗ ನಿದ್ದೆಯಲ್ಲಿದ್ದೆ.

ಮರುದಿನ ಅಡುಗೆಮನೆಯಲ್ಲಿ ನಾಲ್ಕು ಸಲ ಹಚ್ಚಿ ಕೇಳಿದೆ.
ನಾಲ್ಕೂ ಸಲ ಅದೇ ಜಾಗದಲ್ಲಿ
ರೊಟ್ಟಿ ಬಿಟ್ಟು 'ನೂ...' ಎಂದೆ.
ನಾಲ್ಕೂ ಸಲ ಅವನು ಕೇಳಿಸಿಕೊಳ್ಳಲಿಲ್ಲ.

ಬುಧವಾರ ಅವನ ದಿನ.
ಮೂರನೆಯ ಬೆಂಚು, ತಲೆಯಲ್ಲಿ ಹುಲ್ಲಿನ ಎಳೆ.
ಅವನು ಕೈ ಕಟ್ಟುವ ಮೊದಲೇ
ನಾನು ಹತ್ತಿರ ಹೋಗಿ ನಿಂತಿದ್ದೆ.