ಮುಳ್ಳು ಓದುವವಳು

ಸೋಮವಾರ ಬೆಳಗ್ಗೆ, ಅಂಗಡಿಯ ಕದ ತೆರೆಯುವ ಮುಂಚೆ,
ನನ್ನ ಗಂಡ ಎವಾರಿಸ್ತೊ ಕೊಕ್ಕೆಗೆ ಜೋತುಬೀಳುತ್ತಾನೆ.
ಗಾಬರಿಯಾಗಬೇಡಿ. ತೂಕಕ್ಕೆ.
ತಾಕ್ವಾರೆಂಬೊ ಊರಿನ ಔಷಧದಂಗಡಿಯ ತಕ್ಕಡಿ
ನೂರಿಪ್ಪತ್ತಕ್ಕೇ ಕೈಚೆಲ್ಲುತ್ತದೆ;
ಅರ್ಧ ಹೋರಿಯನ್ನು ತೂಗುವ ಇದು ಚೆಲ್ಲುವುದಿಲ್ಲ.
ಎರಡೂ ಕೈಯಲ್ಲಿ ಕಬ್ಬಿಣ ಹಿಡಿದು, ಕಾಲು ಮಡಚಿ,
ಚರ್ಮ ಸುಲಿದ ಎರಡು ಹೋರಿಗಳ ನಡುವೆ
ಕಣ್ಣು ಮುಚ್ಚಿ ತೂಗಾಡುತ್ತಾನೆ.
ಮುಳ್ಳು ಓದುವವಳು ನಾನು.

ನೂರ ಮೂವತ್ತೊಂದು, ಅನ್ನುತ್ತೇನೆ.
ಇಳಿದು, ಅಂಗೈ ಒರೆಸಿಕೊಂಡು, ಲೆಕ್ಕ ಹಾಕುತ್ತಾನೆ:
"ಹೋದ ವಾರಕ್ಕಿಂತ ಒಂದು ನಾಲಿಗೆ ಕಡಿಮೆ."
ಮೂವತ್ತು ವರ್ಷ ಕಿಲೋ ಮಾರಿದವನಿಗೆ
ಕಿಲೋ ತಿಳಿಯದು ಅಂತಲ್ಲ.
ತನ್ನ ಮೈಯ ವಿಷಯಕ್ಕೆ ಬಂದರೆ ಮಾತ್ರ
ನಾಲಿಗೆ, ಗುಂಡಿಗೆ, ಜೋಡಿ ಮೂತ್ರಪಿಂಡ, ಒಂದು ಬಾಲ.

ಎಲ್ಲ ಶುರುವಾದದ್ದು ಡಾಕ್ಟರ್ ಇತುರ್ರಾಲ್ದೆಯ ಚೀಟಿಯಿಂದ.
ಸ್ವತಃ ಕಡ್ಡಿಯಂಥ ಮನುಷ್ಯ,
ಭಾನುವಾರ ತಪ್ಪಿದರೂ ನಮ್ಮ ಪಕ್ಕೆಲುಬು ತಪ್ಪಿಸದವನು,
ಬರೆದುಕೊಟ್ಟ: ಸೊಪ್ಪು, ಕಾಳು, ಬೇಳೆ. ಆರು ತಿಂಗಳು.
ಚೀಟಿಯನ್ನು ಬಿಲ್ಲುಗಳ ಮೊಳೆಗೆ ಚುಚ್ಚಿ
ಎವಾರಿಸ್ತೊ ಗುಡುಗಿದ: ನಮ್ಮನೇಲಿ ಅವನ ಬೇಳೆ ಬೇಯಲ್ಲ.
ಬೆಂತು. ನಾನೇ ಬೇಯಿಸಿದೆ.
ಈರುಳ್ಳಿ, ಕುಂಬಳ, ಒಂದು ಪಲಾವ್ ಎಲೆ.
ಮೊದಲ ರಾತ್ರಿ ಬಟ್ಟಲಿನ ತಳಕ್ಕೆ ಚಮಚ ಇಳಿಸಿ,
ಬಾವಿಗೆ ಬಿದ್ದ ಕೊಡ ತಡಕುವವರ ಹಾಗೆ,
ಏನನ್ನೋ ಹುಡುಕಿದ.
ಸಿಗಲಿಲ್ಲ. ಬ್ರೆಡ್ಡು ತಿಂದ. ಇನ್ನಷ್ಟು ಬ್ರೆಡ್ಡು ತಿಂದ.
ಆ ವಾರ ಒಂದು ಗುಂಡಿಗೆಯಷ್ಟು ಏರಿದ.

ಅವನ ಜೊತೆ ನಾನೂ ಬಿಟ್ಟೆ, ಹಟಕ್ಕೆ.
ಚಳಿಗಾಲ ಮುಗಿಯುವಷ್ಟರಲ್ಲಿ ಸ್ಕರ್ಟಿನ ಸೊಂಟ
ಎರಡು ಸಲ ಒಳಗೆ ಹೊಲಿದೆ.
ಮೆಟ್ಟಿಲು ಹತ್ತಿದರೆ ಏದುಸಿರಿಲ್ಲ,
(ಹೇಳಬಾರದು, ಹೇಳುತ್ತೇನೆ) ಬೆಳಗ್ಗೆ ಹೊಟ್ಟೆ ಹಗುರ.
ಬಾಚಣಿಗೆಯಲ್ಲಿ ಮಾತ್ರ ದಿನಕ್ಕೊಂದು ಗುಬ್ಬಿಗೂಡು.
ರಕ್ತ ಪರೀಕ್ಷೆ ಹೇಳಿತು: ಕಬ್ಬಿಣ ಸಾಲದು.
ಕೊಕ್ಕೆಯಲ್ಲಿ ಕಬ್ಬಿಣ, ಗರಗಸದಲ್ಲಿ, ಮಚ್ಚಿನಲ್ಲಿ,
ತಣ್ಣನೆಯ ಕೋಣೆಯ ಚಿಲಕದಲ್ಲಿ ಕಬ್ಬಿಣ;
ಇಪ್ಪತ್ತೆಂಟು ವರ್ಷ ಅದರ ನಡುವೆ ಓಡಾಡಿದವಳ ನೆತ್ತರಲ್ಲಿ
ಗುಂಡುಸೂಜಿಯಷ್ಟೂ ಇಲ್ಲವಂತೆ.
ಬೇಳೆಗೆ ನಿಂಬೆ ಹಿಂಡಿ, ಅಂದ ಡಾಕ್ಟರ್.
ಊಟವಾದ ಕೂಡಲೇ ಮಾತೆ ಕಷಾಯ ಹೀರಬೇಡಿ.
ದಿನಕ್ಕೊಂದು ಕಂದು ಮಾತ್ರೆ.
"ಅಥವಾ," ಗಂಟಲು ಸರಿಮಾಡಿಕೊಂಡ,
ನನ್ನನ್ನು ನೋಡದೆ, ಕಿಟಕಿ ನೋಡುತ್ತ,
"ವಾರಕ್ಕೊಮ್ಮೆ ಒಂದು ತುಂಡು ಲಿವರ್."

ಆ ರಾತ್ರಿ ಎವಾರಿಸ್ತೊ ನನಗಾಗಿ ಲಿವರ್ ಹುರಿದ.
ಬಾಣಲೆಯ ಮೇಲೆ ಬಾಗಿ, ಆವಿ ಮುಖಕ್ಕೆ ಹೊಡೆಯುತ್ತಿರಲು,
ಯಾರದೋ ಮಗುವನ್ನು ಎತ್ತಿ ಆಡಿಸುವವನ ಹಾಗೆ.
ತನ್ನ ಮುಂದೆ ಕಡಲೆಕಾಳಿನ ಬಟ್ಟಲು.
ಎದುರುಬದುರು ಕೂತೆವು,
ಇಬ್ಬರ ಕಣ್ಣೂ ಇನ್ನೊಬ್ಬರ ತಟ್ಟೆಯಲ್ಲಿ.

ಇದರಲ್ಲಿ ಗೆದ್ದದ್ದು ನಾಯಿ ತ್ರಾಪೊ.
ಹಿತ್ತಿಲ ಬಾಗಿಲಲ್ಲಿ ಎವಾರಿಸ್ತೊ ತನ್ನ ಪಾಲು ಕೊಟ್ಟೂ ಕೊಟ್ಟೂ
ಅದೀಗ ಬೆಕ್ಕನ್ನು ಅಟ್ಟುವುದಿಲ್ಲ,
ಕೂತಲ್ಲೇ ಬೊಗಳಿ ತೂಕಡಿಸುತ್ತದೆ.
ಡಾಕ್ಟರಿಗೆ ನಾನು ಹೇಳಿಲ್ಲ.

ಹೋದ ಸೋಮವಾರ ಅವನು ನೂರ ಹದಿನೆಂಟು.
ಇಳಿದವನೇ, "ಈಗ ನೀನು ಹತ್ತು, ಸುಲ್ಮಾ."
ನಾನು ಯಾವತ್ತೂ ಹತ್ತಿದವಳಲ್ಲ.
ಕಬ್ಬಿಣ ಅಂಗೈಗೆ ತಣ್ಣಗೆ ಕಚ್ಚಿತು.
ನೆಲ ಬಿಟ್ಟಿತು.
ಆಚೆಗೊಂದು ಈಚೆಗೊಂದು ಹೋರಿ, ಅಲ್ಲಾಡದೆ, ತೂಕ ಗೊತ್ತಿರುವಂಥವು.
ನಾನು ಕಣ್ಣು ಮುಚ್ಚಲಿಲ್ಲ.
ಕನ್ನಡಕ ಹಣೆಗೇರಿಸಿ ಅವನು ಮುಳ್ಳಿನ ಹತ್ತಿರ ಬಗ್ಗಿದ,
ಬಹಳ ಹೊತ್ತು ಬಗ್ಗಿಯೇ ಇದ್ದ.

ಎಷ್ಟು? ಅಂದೆ.

"ತಡಿ, ಮಾರಾಯ್ತಿ," ಅಂದ,
"ಉಸಿರಾಡ್ತಾ ಇದೀಯ. ನಿಲ್ತಾ ಇಲ್ಲ."